ಗಾಡಿ ಬಿಟ್ಟು ಹೊರಡದಿರಲು

2011ರ ಮಾರ್ಚಿನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಲಾಸ್ ವೇಗಸ್‌ಗೆ ವ್ಯಾನಿನಲ್ಲಿ ಹೊರಟಿದ್ದ ದಂಪತಿಗೆ ಜಿಪಿಎಸ್ ಒಂದು ಹತ್ತಿರದ ದಾರಿ ತೋರಿಸಿತು. ನೆವಾಡಾ ರಾಜ್ಯದ ಉತ್ತರ ಭಾಗದ ಬೆಟ್ಟಗಳ ನಡುವೆ ಸಾಗುವ ಕಚ್ಚಾ ರಸ್ತೆ ಅದು. ಆ ದಾರಿಯ ಕೆಸರಿನಲ್ಲಿ ವ್ಯಾನು ಹೂತುಹೋಯಿತು. ಕೆಲವು ದಿನ ಕಾದ ಮೇಲೆ ಗಂಡ ಜಿಪಿಎಸ್ ಕೈಯಲ್ಲಿ ಹಿಡಿದು ಸಹಾಯ ಹುಡುಕಿಕೊಂಡು ನಡೆದೇ ಹೊರಟರು. ಹೆಂಡತಿ ವ್ಯಾನಿನಲ್ಲೇ ಉಳಿದರು. ಸುಮಾರು ಏಳು ವಾರಗಳ ನಂತರ ಬೇಟೆಗಾರರು ಅವರನ್ನು ಜೀವಂತವಾಗಿ ಕಂಡರು. ಗಂಡನ ದೇಹದ ಅವಶೇಷ ಸಿಕ್ಕಿದ್ದು 2012ರಲ್ಲಿ. ಈ ಘಟನೆಯನ್ನು ಸಾಮಾನ್ಯವಾಗಿ ಜಿಪಿಎಸ್ ದಾರಿ ತಪ್ಪಿಸಿದ ಕಥೆಯಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಗಾಡಿ ಬಿಟ್ಟು ಹೊರಟಾಗ ಆ ಮನುಷ್ಯನ ಕೈಯಲ್ಲಿದ್ದ ಯಂತ್ರಕ್ಕೆ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂಬುದು ಕೆಲವೇ ಮೀಟರುಗಳ ಅಂತರದಲ್ಲಿ ಗೊತ್ತಿತ್ತು. ಗೊತ್ತಿರದಿದ್ದದ್ದು ಉಳಿದ ಜಗತ್ತಿಗೆ.

ಅಮೆರಿಕದ ಪಶ್ಚಿಮ ರಾಜ್ಯಗಳ ಮರುಭೂಮಿಗೂ ಬೆಟ್ಟಗಳಿಗೂ ಜೀಪು, ಪಿಕಪ್ ಹತ್ತಿ ಹೋಗುವವರ ಡ್ಯಾಶ್‌ಬೋರ್ಡಿನಲ್ಲಿ ಇಂದು ಎರಡು ಸಾಧನಗಳು ಕಾಣುತ್ತವೆ. ಒಂದು ಅಗಲ ಪರದೆಯ ಟ್ಯಾಬ್, ಇನ್ನೊಂದು ಅಂಗೈಯಲ್ಲಿ ಹಿಡಿಸುವ ಸ್ಯಾಟಲೈಟ್ ಮೆಸೆಂಜರ್. ಹೆಚ್ಚಿನವರು ಮೊದಲು ಕೊಳ್ಳುವುದು ಟ್ಯಾಬನ್ನು. ಅದರ ಪರದೆ, ನಕ್ಷೆ, ಅದನ್ನು ಬಿಗಿಯುವ ಸ್ಟ್ಯಾಂಡು ಎಂದು ವಾರಗಟ್ಟಲೆ ಯೋಚಿಸುತ್ತಾರೆ. ಮೆಸೆಂಜರ್ ವಿಷಯ ಬಂದಾಗ ಮುಂದಿನ ಸಲ ನೋಡೋಣ ಎನ್ನುತ್ತಾರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಟ್ಯಾಬ್ ನಮ್ಮನ್ನು ಇನ್ನಷ್ಟು ದೂರ, ಇನ್ನಷ್ಟು ನಿರ್ಜನ ಜಾಗಕ್ಕೆ ಹೋಗಲು ಧೈರ್ಯ ಕೊಡುತ್ತದೆ. ಅಲ್ಲಿ ಗಾಡಿ ಕೆಟ್ಟು ನಿಂತಾಗ ಜೀವ ಉಳಿಸುವ ಕೆಲಸ ಬೇರೆಯೇ ಇದೆ, ಅದು ಟ್ಯಾಬಿನ ಕೈಲಾಗುವುದಲ್ಲ.

ಕಾರಣ ತಂತ್ರಜ್ಞಾನದಲ್ಲೇ ಇದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ಅತಿ ನಿಖರವಾದ ಗಡಿಯಾರದ ಸಮಯವನ್ನು ಸತತವಾಗಿ ಬಿತ್ತರಿಸುತ್ತವೆ. ನಮ್ಮ ಟ್ಯಾಬಿನೊಳಗಿನ ಚಿಪ್ಪು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬಂದು ಮುಟ್ಟಲು ಹಿಡಿದ ಸಮಯದ ವ್ಯತ್ಯಾಸದಿಂದ ತನ್ನ ಜಾಗವನ್ನು ಲೆಕ್ಕಹಾಕುತ್ತದೆ. ಅದಕ್ಕೆ ಕೇಳಿಸಿಕೊಳ್ಳುವ ಕಿವಿ ಇದೆ, ಮಾತಾಡುವ ಬಾಯಿ ಇಲ್ಲ. ಮೊಬೈಲ್ ಟವರಿನ ಹಂಗಿಲ್ಲದೆ ಜಿಪಿಎಸ್ ಎಲ್ಲ ಕಡೆ ಕೆಲಸ ಮಾಡುವುದು ಈ ಕಾರಣಕ್ಕೇ. ಎಲ್ಲಿಂದಲೂ ಯಾರಿಗೂ ಸುದ್ದಿ ಮುಟ್ಟಿಸಲಾರದಿರುವುದೂ ಇದೇ ಕಾರಣಕ್ಕೆ. ಉಪಗ್ರಹಕ್ಕೆ ನಾವು ಕಾಣಿಸುತ್ತೇವೆ, ಹಾಗಾಗಿ ಯಾರೋ ನಮ್ಮನ್ನು ಹುಡುಕಬಲ್ಲರು ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಸಂಪೂರ್ಣ ತಪ್ಪು.

ಟ್ಯಾಬ್ ಬೇಡವೆಂದು ನಾನು ಹೇಳುತ್ತಿಲ್ಲ. ಅಲುಗಾಡುವ ಗಾಡಿಯಲ್ಲಿ ಫೋನಿನ ಸಣ್ಣ ಪರದೆಯ ಮೇಲೆ ಸಮೋನ್ನತಿ ರೇಖೆಗಳನ್ನು ಓದುವುದು ಕಷ್ಟ. ಹತ್ತು ಇಂಚಿನ ಪರದೆಯಲ್ಲಿ ಮುಂದಿನ ಕಣಿವೆ, ಹಳ್ಳ, ಏರು ಎಲ್ಲ ಒಟ್ಟಿಗೆ ಕಾಣುತ್ತದೆ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಸ್ಥಳಾಕೃತಿ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಯಾವ ಮಣ್ಣುದಾರಿಯಲ್ಲಿ ಯಾವ ವಾಹನಕ್ಕೆ ಅನುಮತಿ ಇದೆ ಎಂದು ತಿಳಿಸುವ ನಕ್ಷೆಗಳನ್ನು ಅಲ್ಲಿನ ಅರಣ್ಯ ಇಲಾಖೆ ಪ್ರಕಟಿಸುತ್ತದೆ. ಇವೆಲ್ಲವನ್ನೂ ಮನೆಯಲ್ಲೇ ಇಳಿಸಿಕೊಂಡು, ಏರ್‌ಪ್ಲೇನ್ ಮೋಡಿಗೆ ಹಾಕಿ, ಹೋಗಬೇಕಾದ ಜಾಗವನ್ನು ಪೂರ್ತಿ ಹಿಗ್ಗಿಸಿ ನೋಡಬೇಕು. ಇಳಿಸಿಕೊಂಡಿದ್ದೇವೆ ಅಂದುಕೊಂಡ ನಕ್ಷೆ ನೆಟ್‌ವರ್ಕ್ ಇಲ್ಲದ ಕಡೆ ಬೂದು ಚೌಕವಾಗಿ ನಿಲ್ಲುವುದು ತೀರ ಸಾಮಾನ್ಯ. ಕೊಳ್ಳುವವರು ತಿಳಿದಿರಬೇಕಾದ ಇನ್ನೊಂದು ಮಾತು: ವೈಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಸಿಮ್ ಹಾಕದಿದ್ದರೂ ಪರವಾಗಿಲ್ಲ, ಸೆಲ್ಯುಲರ್ ಮಾದರಿಯೇ ಬೇಕು. ಇಲ್ಲವಾದರೆ ಬ್ಲೂಟೂತ್ ಮೂಲಕ ಸೇರುವ ಪ್ರತ್ಯೇಕ ಜಿಪಿಎಸ್ ಕೊಳ್ಳಬೇಕು.

ಆದರೆ ಅದೇ ಟ್ಯಾಬನ್ನು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಮರುಭೂಮಿಗೆ ಒಯ್ಯಿರಿ. ಐಪ್ಯಾಡ್ ಬಳಸಬಹುದಾದ ತಾಪಮಾನದ ಮಿತಿ 35 ಡಿಗ್ರಿ ಸೆಲ್ಸಿಯಸ್ ಎಂದು ತಯಾರಕರೇ ಹೇಳುತ್ತಾರೆ. ಡೆತ್ ವ್ಯಾಲಿಯ ಫರ್ನೇಸ್ ಕ್ರೀಕಿನಲ್ಲಿ ಜುಲೈ ತಿಂಗಳ ಹಗಲಿನ ಸರಾಸರಿ ಉಷ್ಣತೆಯೇ 46 ಡಿಗ್ರಿ ದಾಟುತ್ತದೆ. 1913ರ ಜುಲೈ 10ರಂದು ಅಲ್ಲಿ ದಾಖಲಾದ 56.7 ಡಿಗ್ರಿ ಇವತ್ತಿಗೂ ವಿಶ್ವದಾಖಲೆ. ಗಾಜಿನ ಹಿಂದೆ ಬಿಸಿಲಿಗೆ ಮೈಯೊಡ್ಡಿ ನಿಂತ ಟ್ಯಾಬ್ ಮೊದಲು ಪರದೆ ಮಂಕಾಗಿಸುತ್ತದೆ, ಆಮೇಲೆ ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ, ಕೊನೆಗೆ ಎಚ್ಚರಿಕೆ ತೋರಿಸಿ ಕೆಲಸವನ್ನೇ ನಿಲ್ಲಿಸುತ್ತದೆ. ನಕ್ಷೆಯ ಸತ್ಯಕ್ಕೂ ಆಯುಷ್ಯವಿದೆ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಮಳೆ ಒಂದೇ ದಿನ ಐವತ್ತಾರು ಮಿಲಿಮೀಟರಿನಷ್ಟು, ಅಂದರೆ ಅಲ್ಲಿ ಇಡೀ ವರ್ಷದಲ್ಲಿ ಬೀಳುವಷ್ಟು, ಸುರಿದು ರಸ್ತೆಗಳನ್ನು ಕೊಚ್ಚಿಹಾಕಿತು. ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನವನ್ನು ಸುಮಾರು ಎರಡು ತಿಂಗಳು ಮುಚ್ಚಬೇಕಾಯಿತು. ಹಿಂದಿನ ವಾರ ಇಳಿಸಿಕೊಂಡ ನಕ್ಷೆಯಲ್ಲಿ ಆ ರಸ್ತೆಗಳೆಲ್ಲ ಹಾಗೇ ಇದ್ದವು. ಗಣಿ ಮುಚ್ಚಿದ ಮೇಲೆ ಯಾರೂ ಬಳಸದ ಜಾಡು, ನಿತ್ಯ ಬಳಸುವ ದಾರಿ, ಎರಡನ್ನೂ ಒಂದೇ ಗೆರೆಯಲ್ಲಿ ತೋರಿಸುವ ನಕ್ಷೆಗಳು ಎಷ್ಟೋ ಇವೆ.

ಸ್ಯಾಟಲೈಟ್ ಮೆಸೆಂಜರಿನ ಕೆಲಸ ಬೇರೆ. ಅದು ಜಿಪಿಎಸ್‌ನಿಂದ ಜಾಗ ತಿಳಿದುಕೊಂಡು, ಇನ್ನೊಂದು ಉಪಗ್ರಹ ಜಾಲದ ಮೂಲಕ ಆ ಸುದ್ದಿಯನ್ನು ಹೊರಗೆ ಕಳಿಸುತ್ತದೆ. ಇರಿಡಿಯಂ ಜಾಲದ 66 ಉಪಗ್ರಹಗಳು ಕೇವಲ 780 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಒಂದರಿಂದ ಒಂದಕ್ಕೆ ಸಂದೇಶ ದಾಟಿಸುತ್ತ ನೆಲದ ಕೇಂದ್ರಕ್ಕೆ ತಲುಪಿಸುತ್ತವೆ. ಗ್ಲೋಬಲ್‌ಸ್ಟಾರ್ ಜಾಲ ಹಾಗಲ್ಲ, ಅದರ ಉಪಗ್ರಹಕ್ಕೆ ನಾವೂ ನೆಲದ ಕೇಂದ್ರವೂ ಏಕಕಾಲಕ್ಕೆ ಕಾಣುತ್ತಿರಬೇಕು. 2007ರಲ್ಲಿ ಬಂದ ಸ್ಪಾಟ್ ಸಾಧನದಿಂದ ಸುದ್ದಿ ಕಳಿಸಲು ಮಾತ್ರ ಆಗುತ್ತಿತ್ತು. 2011ರಲ್ಲಿ ಬಂದ ಇನ್‌ರೀಚ್ ಉತ್ತರವನ್ನೂ ತಂದುಕೊಡಲು ಶುರುಮಾಡಿತು. ಹೆಚ್ಚಿನ ಸಾಧನಗಳಲ್ಲಿ ಒಂದು ಸಂದೇಶಕ್ಕೆ 160 ಅಕ್ಷರಗಳ ಮಿತಿ, ತಲುಪಲು ಕೆಲವು ನಿಮಿಷ. ಆಕಾಶ ತೆರೆದು ಕಾಣಬೇಕು. ಕಡಿದಾದ ಕಮರಿಯ ಬುಡದಲ್ಲಿ ಇನ್ನೂ ತಡವಾಗುತ್ತದೆ, ಗಾಡಿಯ ತಗಡಿನ ಚಾವಣಿಯ ಕೆಳಗೆ ಇಟ್ಟರೆ ತಲುಪದೆಯೇ ಇರಬಹುದು. ತುರ್ತು ಸಹಾಯ ಕೋರುವ ಎಸ್ಒಎಸ್ ಗುಂಡಿ ಒತ್ತಿದರೆ ಸುದ್ದಿ ಮೊದಲು ಹಗಲೂ ರಾತ್ರಿ ಜನರಿರುವ ಒಂದು ಸಮನ್ವಯ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿಂದ ಆಯಾ ಕೌಂಟಿಯ ಶೆರಿಫ್ ಕಚೇರಿಗೋ ಉದ್ಯಾನದ ರೇಂಜರುಗಳಿಗೋ ಮುಟ್ಟುತ್ತದೆ. ಇದರ ಜೊತೆಗೆ, ನಾವು ಏನೂ ಮಾಡದಿದ್ದರೂ ಹತ್ತು ನಿಮಿಷಕ್ಕೊಮ್ಮೆ ನಮ್ಮ ಜಾಗವನ್ನು ತಾನೇ ಕಳಿಸುತ್ತ ಹೋಗುವ ವ್ಯವಸ್ಥೆಯೂ ಇದೆ. ನನ್ನ ದೃಷ್ಟಿಯಲ್ಲಿ ಎಸ್ಒಎಸ್ ಗುಂಡಿಗಿಂತ ಇದು ದೊಡ್ಡದು, ಏಕೆಂದರೆ ಗುಂಡಿ ಒತ್ತಲಾಗದ ಸ್ಥಿತಿಯಲ್ಲೂ ಹಿಂದಿನ ಜಾಡು ಉಳಿದಿರುತ್ತದೆ.

ಈಗ ಹಳೆಯ ಸಾವುಗಳನ್ನು ಒಟ್ಟಿಗೆ ಇಟ್ಟು ನೋಡೋಣ. 1996ರ ಜುಲೈನಲ್ಲಿ ಜರ್ಮನಿಯ ನಾಲ್ವರು ಪ್ರವಾಸಿಗರು, ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಬಾಡಿಗೆ ವ್ಯಾನಿನಲ್ಲಿ ಡೆತ್ ವ್ಯಾಲಿಯ ಆನ್ವಿಲ್ ಕಣಿವೆಗೆ ಇಳಿದು ಸಿಕ್ಕಿಹಾಕಿಕೊಂಡರು. ವ್ಯಾನು ಸಿಕ್ಕಿದ್ದು ಅಕ್ಟೋಬರಿನಲ್ಲಿ. ದೊಡ್ಡವರ ಅವಶೇಷಗಳು ಅಲ್ಲಿಂದ ಮೈಲುಗಟ್ಟಲೆ ದೂರದಲ್ಲಿ ಪತ್ತೆಯಾದದ್ದು 2009ರಲ್ಲಿ. 2006ರ ನವೆಂಬರಿನಲ್ಲಿ ಒರೆಗಾನ್ ರಾಜ್ಯದ ಬೆಟ್ಟದ ರಸ್ತೆಯೊಂದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕುಟುಂಬವೊಂದು ಹಿಮದಲ್ಲಿ ಸಿಲುಕಿತು. ಒಂದು ವಾರ ಕಾದ ಮೇಲೆ ಅಪ್ಪ ಸಹಾಯ ತರಲು ನಡೆದು ಹೊರಟು ಚಳಿಗೆ ಸತ್ತರು. ಕಾರಿನ ಬಳಿ ಉಳಿದ ಅಮ್ಮ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳು ಬದುಕಿದರು. ಹುಡುಕುವವರಿಗೆ ದಾರಿ ತೋರಿದ್ದು, ಅವರ ಫೋನು ದೂರದ ಟವರೊಂದನ್ನು ಕ್ಷಣಮಾತ್ರ ತಾಕಿದ್ದನ್ನು ಇಬ್ಬರು ಮೊಬೈಲ್ ಎಂಜಿನಿಯರುಗಳು ದಾಖಲೆಗಳಲ್ಲಿ ಪತ್ತೆಹಚ್ಚಿದ್ದು. 2011ರದ್ದು ಆಗಲೇ ಹೇಳಿದೆ. ಹೊರಟವರು ಸತ್ತಿದ್ದಾರೆ, ಗಾಡಿಯ ಬಳಿ ಇದ್ದವರು ಉಳಿದಿದ್ದಾರೆ. ಇದರಲ್ಲಿ ಸೋಜಿಗವೇನಿಲ್ಲ. ಗಾಡಿ ಎಂದರೆ ನೆರಳು, ಗಾಳಿಗೆ ಮರೆ, ಕನ್ನಡಿಯ ಹೊಳಪು, ವಿಮಾನದಿಂದ ಕಣ್ಣಿಗೆ ಬೀಳುವಷ್ಟು ದೊಡ್ಡ ಗುರುತು. ನಡೆಯುವ ಮನುಷ್ಯ ನೀರನ್ನೂ ಮೈಬಿಸಿಯನ್ನೂ ಕಳೆದುಕೊಳ್ಳುತ್ತ ಪ್ರತಿ ಗಂಟೆಗೂ ಹುಡುಕುವವರ ಕಣ್ಣಿನಿಂದ ದೂರವಾಗುತ್ತಾನೆ.

ಹಾಗಾದರೆ ಗಾಡಿ ಬಿಟ್ಟು ಹೋಗಬೇಡಿ ಎಂದು ರೇಂಜರುಗಳು ಎಷ್ಟು ಹೇಳಿದರೂ ಜನ ಯಾಕೆ ಹೊರಡುತ್ತಾರೆ? ಹೊರಟವರನ್ನು ಅವಿವೇಕಿಗಳೆನ್ನುವುದು ಅನ್ಯಾಯ. ಯಾರಾದರೂ ಹುಡುಕುತ್ತಿದ್ದಾರೆಂಬ ಭರವಸೆ ಇಲ್ಲದಿರುವಾಗ ಹೆಂಡತಿ ಮಕ್ಕಳನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂರುವುದು ಸಾಧ್ಯವೂ ಅಲ್ಲ, ಕೆಲವೊಮ್ಮೆ ಸರಿಯೂ ಅಲ್ಲ. 2009ರ ಆಗಸ್ಟಿನಲ್ಲಿ ಡೆತ್ ವ್ಯಾಲಿಯಲ್ಲೇ ತಾಯಿ ಮಗ ಇದ್ದ ಜೀಪು ಮರಳಿನಲ್ಲಿ ಹೂತಿತು. ರೇಂಜರೊಬ್ಬರು ಬಂದು ಮುಟ್ಟುವ ಹೊತ್ತಿಗೆ ದಿನಗಳೇ ಕಳೆದಿದ್ದವು. ತಾಯಿ ಬದುಕಿದರು, ಮಗು ಉಳಿಯಲಿಲ್ಲ. ಜೀಪಿನ ಆಸರೆಯಷ್ಟೇ ಆ ಮಗುವಿಗೆ ಸಾಲಲಿಲ್ಲ. ಉಳಿಯುವುದಕ್ಕೂ, ಸುದ್ದಿ ಮುಟ್ಟಿದೆ ಎಂದು ತಿಳಿದು ಉಳಿಯುವುದಕ್ಕೂ ಇರುವ ಅಂತರವೇ ಇಲ್ಲಿನ ತಿರುಳು. ಎರಡು ಕಡೆಯ ಸಂದೇಶ ಸಾಧನ ಆ ಅಂತರವನ್ನು ಮುಚ್ಚುತ್ತದೆ. ನಿಮ್ಮ ಜಾಗ ಗೊತ್ತಾಗಿದೆ, ನಾಳೆ ಬೆಳಗ್ಗೆ ಬರುತ್ತೇವೆ, ಅಲ್ಲೇ ಇರಿ ಎಂಬ ಒಂದು ಸಾಲು ಪರದೆಯ ಮೇಲೆ ಮೂಡಿದರೆ ಹೆದರಿದ ಮನುಷ್ಯ ಕೂತಲ್ಲೇ ಕೂರಬಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಫೋನಿನಲ್ಲೇ ಉಪಗ್ರಹ ಸಂಪರ್ಕ ಬಂದಿರುವಾಗ ಇನ್ನೊಂದು ಡಬ್ಬಿ ಏಕೆ ಎಂಬುದು ಮೊದಲನೆಯದು. 2022ರ ನವೆಂಬರಿನಿಂದ ಐಫೋನ್ 14 ಅಮೆರಿಕ, ಕೆನಡಾಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುತ್ತಿದೆ. 2024ರಿಂದ ಮನೆಯವರಿಗೂ ಸಂದೇಶ ಹಾಕಬಹುದು. ಇದು ನಿಜಕ್ಕೂ ದೊಡ್ಡ ಉಪಕಾರ, ಏನೂ ಕೊಳ್ಳದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಫೋಟೊ, ನಕ್ಷೆ, ಹಾಡು ಎಲ್ಲಕ್ಕೂ ಬಳಸಿದ ಅದೇ ಫೋನು ಸಂಕಟದ ಹೊತ್ತಿಗೂ ಚಾರ್ಜ್ ಉಳಿಸಿಕೊಂಡಿರಬೇಕು, ಬಿದ್ದು ಒಡೆದಿರಬಾರದು. ಅದನ್ನು ಉಪಗ್ರಹದ ದಿಕ್ಕಿಗೆ ತಿರುಗಿಸಿ ಹಿಡಿಯುವಷ್ಟು ಎಚ್ಚರ ನಮಗಿರಬೇಕು. ಹತ್ತು ನಿಮಿಷಕ್ಕೊಮ್ಮೆ ತಾನೇ ಜಾಡು ಬಿಡುವ ಕೆಲಸವನ್ನು ಅದು ಮಾಡುವುದಿಲ್ಲ. ಹಾಗಾಗಿ ಇದ್ದರೆ ಎರಡನೆಯ ಆಸರೆಯಾಗಿ ಇರಲಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಗುಂಡಿ ಕೈಯಲ್ಲಿದ್ದರೆ ಜನ ಉಡಾಫೆ ಮಾಡುತ್ತಾರೆ, ಪಾರುಮಾಡುವವರ ಜೀವವನ್ನೂ ಅಪಾಯಕ್ಕೆ ದೂಡುತ್ತಾರೆ. 2009ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿಗೆ ಚಾರಣ ಹೋದ ಗುಂಪೊಂದು ಮೂರು ದಿನಗಳಲ್ಲಿ ಮೂರು ಸಲ ಸ್ಪಾಟ್ ಗುಂಡಿ ಒತ್ತಿತು. ಅದರಲ್ಲೊಂದು ಸಲ ಸಿಕ್ಕ ನೀರು ಉಪ್ಪುಪ್ಪಾಗಿದೆ ಎಂಬ ಕಾರಣಕ್ಕೆ. ಹೆಲಿಕಾಪ್ಟರ್ ಪ್ರತಿ ಸಲವೂ ಹೋಗಬೇಕಾಯಿತು. ನನಗೆ ಈ ಘಟನೆ ತೋರಿಸುವುದು ಮನುಷ್ಯನ ಉಡಾಫೆಗಿಂತ ಹೆಚ್ಚಾಗಿ ಒಂದೇ ಕಡೆ ಮಾತಾಡುವ ಯಂತ್ರದ ದೋಷವನ್ನು. ಏನಾಗಿದೆ, ಯಾರಿಗೆ ಗಾಯವಾಗಿದೆ, ನೀರು ಎಷ್ಟಿದೆ ಎಂದು ಕೇಳುವ ದಾರಿಯಿದ್ದಿದ್ದರೆ ಎಷ್ಟೋ ಹಾರಾಟ ತಪ್ಪುತ್ತಿತ್ತು. 406 ಮೆಗಾಹರ್ಟ್ಸ್‌ನ ತುರ್ತು ಬೀಕನ್‌ಗಳಿಗೂ ಇದೇ ಮಿತಿ: ತಿಂಗಳ ಚಂದಾ ಇಲ್ಲ, ಸಂಕೇತ ಬಲಶಾಲಿ, ಆದರೆ ಮಾತುಕತೆಗೆ ಆಸ್ಪದವಿಲ್ಲ. ಎರಡೂ ಕಡೆ ಮಾತು ಸಾಗುವ ಸಾಧನವಿದ್ದರೆ ಎಸ್ಒಎಸ್ ಒತ್ತದೆಯೇ ಒಂದು ಟೋ ಲಾರಿ ಕಳಿಸಿ ಎಂದು ಮನೆಗೆ ಸಂದೇಶ ಹಾಕಿ ಮುಗಿಸಬಹುದು. ಕಾಗದದ ನಕ್ಷೆ, ಅನುಭವ ಇದ್ದರೆ ಸಾಕು ಎನ್ನುವ ಹಳಬರಿಗೂ ಒಂದು ಮಾತು. ಕಾಗದದ ನಕ್ಷೆ ಇರಲೇಬೇಕು. ಆದರೆ ಒರೆಗಾನಿನಲ್ಲಿ ಸಿಲುಕಿದ ಕುಟುಂಬ ಹೊರಟಿದ್ದೂ ಕಾಗದದ ನಕ್ಷೆ ನೋಡಿಕೊಂಡೇ.

ಸಾಧನಕ್ಕೆ ಹಣ ಕೊಟ್ಟ ಮೇಲೂ ಉಳಿಯುವ ದುರ್ಬಲ ಕೊಂಡಿ ಮನೆಯಲ್ಲಿದೆ. ಸಂದೇಶ ತಲುಪುವುದು ಒಬ್ಬ ಮನುಷ್ಯನಿಗೆ. ಆತನಿಗೆ ಗಾಡಿಯ ಬಣ್ಣ, ನಂಬರು, ಜೊತೆಗಿರುವವರ ಸಂಖ್ಯೆ, ದಿನದಿನದ ದಾರಿ, ಎಷ್ಟು ದಿನಕ್ಕೆ ಸಾಕಾಗುವ ನೀರಿದೆ ಎಂಬುದು, ಯಾವ ಕೌಂಟಿಯ ಶೆರಿಫ್ ಕಚೇರಿಗೆ ಫೋನು ಮಾಡಬೇಕು ಎಂಬುದು ಬರವಣಿಗೆಯಲ್ಲಿ ಗೊತ್ತಿರಬೇಕು. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿರುವ ಕನ್ನಡ ಕುಟುಂಬಗಳಿಗೆ ಡೆತ್ ವ್ಯಾಲಿ ಒಂದು ಹಗಲಿನ ಪ್ರಯಾಣ, ಲಾಂಗ್ ವೀಕೆಂಡಿನ ಪ್ರವಾಸ. ಅಂಥವರು ತುರ್ತು ಸಂಪರ್ಕದ ಹೆಸರಾಗಿ ಬೆಂಗಳೂರಿನಲ್ಲಿರುವ ಅಪ್ಪ ಅಮ್ಮನನ್ನು ಕೊಡುವುದಕ್ಕಿಂತ ಅದೇ ಊರಿನ, ಅದೇ ಸಮಯದಲ್ಲಿ ಎಚ್ಚರವಾಗಿರುವ ಗೆಳೆಯರನ್ನು ಕೊಡುವುದು ಲೇಸು.

ಅಮೆರಿಕದಲ್ಲಿ ಕೊಂಡ ಮೆಸೆಂಜರನ್ನು ರಜೆಗೆ ಭಾರತಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನನ್ನಾಗಲಿ ಇಂಥ ಸಂದೇಶ ಸಾಧನವನ್ನಾಗಲಿ ತರುವುದು, ಬಳಸುವುದು ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗರನ್ನು ತಡೆದು ಪ್ರಕರಣ ದಾಖಲಿಸಿದ್ದೂ ಇದೆ. ಹೀಗಾಗಿ ಬೆಂಗಳೂರು, ಮೈಸೂರಿನಿಂದ ಬುಲೆಟ್ಟು, ಜೀಪು ಓಡಿಸಿಕೊಂಡು ಲಡಾಖಿಗೆ ಹೋಗುವವರಿಗೆ ಈ ದಾರಿ ಸದ್ಯಕ್ಕೆ ತೆರೆದಿಲ್ಲ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ಮೂ ಅಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಬೇಕು, ಅದೂ ಪಟ್ಟಣ ದಾಟಿದ ಮೇಲೆ ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿ ಟ್ಯಾಬಿನ ನಕ್ಷೆಯನ್ನು ಧಾರಾಳವಾಗಿ ಬಳಸಿ, ಆದರೆ ಸುದ್ದಿ ಮುಟ್ಟಿಸುವ ಕೆಲಸವನ್ನು ಪೂರ್ತಿಯಾಗಿ ಮನುಷ್ಯರೇ ಮಾಡಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂಟಿ ಗಾಡಿಯಲ್ಲಿ ಹೋಗಬೇಡಿ. ರಾತ್ರಿ ತಂಗುವ ಹೋಂಸ್ಟೇಯವರಿಗೆ ಬೆಳಗ್ಗೆ ಹೊರಡುವಾಗ ಮುಂದಿನ ಊರು, ದಾರಿ, ಗಾಡಿ ನಂಬರು ಬರೆದುಕೊಡಿ. ಮುಂದಿನ ಊರಿನಿಂದ ಇಂತಿಷ್ಟು ಹೊತ್ತಿಗೆ ಫೋನು ಬರದಿದ್ದರೆ ಪೊಲೀಸರಿಗೆ ತಿಳಿಸಿ ಎಂದು ಅವರಿಗೂ ಮನೆಯವರಿಗೂ ಒಂದೇ ಗಡುವು ಹೇಳಿಟ್ಟಿರಿ.