ಷೇರುದಾರರ ಸಭೆಯಲ್ಲಿ ಧರ್ಮದ ಪ್ರಶ್ನೆ

ಚಾಮರಾಜನಗರದ ಮೂಡಣಕ್ಕೆ ನಿಂತ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡನ್ನು ಕುಲಕುಲದ ಎಲ್ಲೆಗಳಾಗಿ ಹಂಚಿಕೊಂಡು, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಒಂದೊಂದು ನೆಲೆಯನ್ನೂ ಪೂಜಿಸುತ್ತ ಬಂದವರು. ಅಂಥದೇ ಇನ್ನೊಂದು ಜನ ಒಡಿಶಾದ ನಿಯಮಗಿರಿಯ ಡೋಂಗ್ರಿಯಾ ಕೊಂಧರು. ಅವರ ದೇವರಬೆಟ್ಟದಿಂದ ಬಾಕ್ಸೈಟ್ ಅಗೆಯಹೊರಟ, ಗಣಿ ಮತ್ತು ವಿದ್ಯುತ್ ಉದ್ಯಮಗಳೆರಡರಲ್ಲಿಯೂ ತೊಡಗಿದ್ದ ಲಂಡನ್ನಿನ ವೇದಾಂತ ರಿಸೋರ್ಸಸ್ ಕಂಪನಿಯ ಷೇರುಗಳನ್ನು, ಮಾನವ ಹಕ್ಕುಗಳಿಗೂ ಸ್ಥಳೀಯ ಜನರಿಗೂ ಸಲ್ಲಬೇಕಾದ ಗೌರವ ಅಲ್ಲಿ ಸಲ್ಲುತ್ತಿಲ್ಲವೆಂದು ಹೇಳಿ, ಇಂಗ್ಲೆಂಡಿನ ಚರ್ಚು 2010ರ ಫೆಬ್ರುವರಿಯಲ್ಲಿ ಮಾರಿಬಿಟ್ಟಿತು.

ದೇವರ ಹಣ ಷೇರುಪೇಟೆಗೆ ಹೋಗಿ ಅಲ್ಲಿ ಧರ್ಮವನ್ನು ಕೇಳುವ ಈ ಪದ್ಧತಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1971ರಲ್ಲಿ ಅಮೆರಿಕದ ಎಪಿಸ್ಕೋಪಲ್ ಚರ್ಚು, ತಾನು ಷೇರು ಹೊಂದಿದ್ದ ಜನರಲ್ ಮೋಟಾರ್ಸ್ ಕಂಪನಿಯು ವರ್ಣಭೇದದ ದಕ್ಷಿಣ ಆಫ್ರಿಕವನ್ನು ಬಿಟ್ಟು ಬರಬೇಕೆಂದು ವಾರ್ಷಿಕ ಮಹಾಸಭೆಯಲ್ಲಿ ನಿರ್ಣಯ ಮಂಡಿಸಿದಾಗ ದೊರೆತ ಮತಗಳು ನಗಣ್ಯವಾಗಿದ್ದವು. ಆದರೆ ಪಾದ್ರಿಗಳು ಲಾಭಾಂಶವನ್ನಲ್ಲದೆ ಲಾಭದ ಮೂಲವನ್ನೂ ವಿಚಾರಿಸಬಲ್ಲರೆಂಬುದು ಅಂದು ಸ್ಥಾಪಿತವಾಯಿತು.

ತೈಲ ಕಂಪನಿಗಳಿಗೆ ಈ ಬಿಸಿ ತಟ್ಟಿದ್ದು ನೈಜೀರಿಯಾದ ದುರಂತದ ತರುವಾಯ. ಶೆಲ್ ಕಂಪನಿಯ ತೈಲೋದ್ಯಮದಿಂದ ಅಲ್ಲಿನ ಓಗೋನಿ ಜನರ ನೆಲ ಹಾಳಾಗುತ್ತಿದೆಯೆಂದು ದನಿಯೆತ್ತಿದ ಲೇಖಕ ಕೆನ್ ಸಾರೋ-ವಿವಾ ಹಾಗೂ ಎಂಟು ಮಂದಿ ಸಂಗಾತಿಗಳನ್ನು ಅಲ್ಲಿನ ಸೈನಿಕ ಸರ್ಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. 1997ರಲ್ಲಿ ಬ್ರಿಟನ್ನಿನ ಚರ್ಚುಗಳ ಕೂಟವು ಇತರ ಷೇರುದಾರರ ಜೊತೆಗೂಡಿ ಶೆಲ್ಲಿನ ಮಹಾಸಭೆಗೆ ಮಾನವ ಹಕ್ಕು ಮತ್ತು ಪರಿಸರದ ನಿರ್ಣಯವನ್ನು ತಂದಿತು. ಆಡಳಿತ ಮಂಡಳಿ ವಿರೋಧಿಸಿತು, ನಿರ್ಣಯ ಬಿದ್ದುಹೋಯಿತು. ಆದರೂ ಹತ್ತರಲ್ಲೊಂದು ಪಾಲು ಮತ ಅದರ ಪರವಾಗಿದ್ದಿತು. ಸಭೆ ಸೇರುವ ಮೊದಲೇ ಕಂಪನಿ ತನ್ನ ವ್ಯವಹಾರ ಸೂತ್ರಗಳಲ್ಲಿ ಮಾನವ ಹಕ್ಕುಗಳನ್ನು ಸೇರಿಸಿಕೊಂಡಿತ್ತು. ಸೂತ್ರ ಬರೆದ ಮಾತ್ರಕ್ಕೆ ಓಗೋನಿಯ ತೊರೆಗಳು ತಿಳಿಯಾಗಲಿಲ್ಲವೆಂಬುದನ್ನೂ ಮರೆಯಲಾಗದು.

ಹಾಗೆಯೇ, ಚರ್ಚು ಷೇರು ಮಾರಿದ್ದರಿಂದಲೇ ನಿಯಮಗಿರಿ ಉಳಿಯಿತೆನ್ನುವುದು ಅತಿಶಯೋಕ್ತಿ. 2006ರ ಅರಣ್ಯ ಹಕ್ಕು ಕಾಯಿದೆಯನ್ನಾಧರಿಸಿ ಸುಪ್ರೀಂ ಕೋರ್ಟು 2013ರ ಏಪ್ರಿಲ್ 18ರಂದು ತೀರ್ಮಾನವನ್ನು ಗ್ರಾಮಸಭೆಗಳಿಗೆ ಬಿಟ್ಟುಕೊಟ್ಟಿತು. ಹನ್ನೆರಡು ಗ್ರಾಮಸಭೆಗಳೂ ಗಣಿ ಬೇಡವೆಂದವು. ಅದೇ ಕಾಯಿದೆಯಡಿ ನಮ್ಮ ಸೋಲಿಗರಿಗೆ 2011ರಲ್ಲಿಯೇ ಸಾಮುದಾಯಿಕ ಅರಣ್ಯ ಹಕ್ಕು ದೊರೆತಿದ್ದಿತು.

ನಮ್ಮ ಮಠಮಂದಿರಗಳಿಗಾದರೋ ಈ ಷೇರಿನ ಮಾರ್ಗ ಬಹುಮಟ್ಟಿಗೆ ಮುಚ್ಚಿದೆ. ತೆರಿಗೆ ವಿನಾಯಿತಿ ಬಯಸುವ ಧರ್ಮಾರ್ಥ ಟ್ರಸ್ಟುಗಳು ಹಣವನ್ನು ಸರ್ಕಾರಿ ಪತ್ರ, ಅಂಚೆ ಉಳಿತಾಯ, ಬ್ಯಾಂಕ್ ಠೇವಣಿ ಮುಂತಾದ ನಿಗದಿತ ರೀತಿಗಳಲ್ಲಿಯೇ ತೊಡಗಿಸತಕ್ಕದ್ದೆಂದು ಆದಾಯ ತೆರಿಗೆಯ ಕಾನೂನು ವಿಧಿಸಿದೆ. ಆದರೆ ಠೇವಣಿಯೂ ಬ್ಯಾಂಕಿನ ಪೆಟ್ಟಿಗೆಯಲ್ಲಿ ಸುಮ್ಮನೆ ಕೂರುವುದಿಲ್ಲ, ಸಾಲವಾಗಿ ಹೊರಡುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳ ದೇವಾಲಯಗಳ ಹುಂಡಿಯ ಹಣವನ್ನು ಕಾಯುವ ಧರ್ಮದರ್ಶಿಗಳು ಠೇವಣಿಯನ್ನು ನವೀಕರಿಸುವಾಗ, ಬಡ್ಡಿಯ ದರದ ಜೊತೆಗೆ, ಕಾಡಿನ ಜನರನ್ನು ಎಬ್ಬಿಸುವ ಉದ್ಯಮಗಳಿಗೆ ಸಾಲ ಕೊಡುವಿರೇನೆಂದು ಬ್ಯಾಂಕಿನವರನ್ನು ಒಮ್ಮೆ ಲಿಖಿತವಾಗಿ ಕೇಳಲಿ.