ಜಂಬಿಟ್ಟಿಗೆಯೊಳಗೆ ಏನಿದೆ?

ಸಾಗರ, ಹೊಸನಗರಗಳ ಕಡೆ ಮನೆ ಕಟ್ಟಿಸಿದವರಿಗೆ ಜಂಬಿಟ್ಟಿಗೆಯ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ನೆಲದಲ್ಲಿರುವಾಗ ಮೆದು, ಕಡಿದು ಗಾಳಿಗೆ ಬಿಟ್ಟರೆ ಗಟ್ಟಿ. 1801ರಲ್ಲಿ ಇಕ್ಕೇರಿ, ನಗರಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಕಂಡ ಇಂಥದೇ ಕಲ್ಲಿಗೆ 1807ರ ತನ್ನ ಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲಾಟರ್’ ಎಂದರೆ ಇಟ್ಟಿಗೆ. ನಮ್ಮ ಹೆಸರಿನಲ್ಲೂ ಇಟ್ಟಿಗೆಯೇ ಇದೆಯಲ್ಲ!

ಮಳೆನೀರು ಯುಗಯುಗಗಳಿಂದ ಬಂಡೆಯನ್ನು ತೊಳೆದು ಸುಣ್ಣ, ಸೋಡ, ಬಹುಪಾಲು ಸಿಲಿಕಗಳನ್ನು ಒಯ್ದಿತು. ಕಬ್ಬಿಣ, ಅಲ್ಯುಮಿನಿಯಂ ಉಳಿದುವು. ಕಲ್ಲನ್ನು ಪುಡಿಮಾಡಿ ರಾಸಾಯನಿಕ ಪರೀಕ್ಷೆ ನಡೆಸಿದರೆ ಅಲ್ಯುಮಿನಿಯಂ ಒಟ್ಟು ಎಷ್ಟೆಂಬುದು ತಿಳಿಯುತ್ತದೆ. ಅದು ಯಾವ ಖನಿಜದಲ್ಲಿದೆ ಎಂಬುದು ತಿಳಿಯದು. ಗಿಬ್ಸೈಟ್ ಎಂಬ ಖನಿಜದಲ್ಲಿದ್ದರೆ ಕಾಸ್ಟಿಕ್ ಸೋಡದಲ್ಲಿ ಸುಲಭವಾಗಿ ಕರಗುತ್ತದೆ. ಸಾಕಷ್ಟಿದ್ದರೆ ಆ ಕಲ್ಲು ಲೋಹದ ಅದಿರು. ಜೇಡಿಯ ಖನಿಜವಾದ ಕೇಯೋಲಿನೈಟ್‌ನಲ್ಲಿದ್ದರೆ ಸೋಡ ದಂಡ, ಕಲ್ಲು ಗೋಡೆಗಷ್ಟೆ.

ಈ ಭೇದವನ್ನು ಕಾಳುಕಾಳಾಗಿ ಬಿಡಿಸಿ ನೋಡಲು ನೆರವಾಗುವ ಯಂತ್ರವನ್ನು ರೇಮಾನ್ ಕಾಸ್ತೇಂ 1951ರ ತನ್ನ ಪ್ಯಾರಿಸ್ ಪ್ರಬಂಧದಲ್ಲಿ ವಿವರಿಸಿದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂದು ಅಂಥ ಯಂತ್ರವಿದೆ. ಹಳೆಯ ರೇಡಿಯೋದ ವಾಲ್ವಿನಲ್ಲಿ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಡುತ್ತಿದ್ದುವು. ಇಲ್ಲಿಯೂ ಎಲೆಕ್ಟ್ರಾನುಗಳದ್ದೇ ಕೆಲಸ. ಅವನ್ನು ಸುಮಾರು 15,000 ವೋಲ್ಟಿನಿಂದ ಸೆಳೆದು, ಕಾಂತಸುರುಳಿಗಳಿಂದ ಒಗ್ಗೂಡಿಸಿ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಜಾಗದ ಮೇಲೆ ಬೀಳಿಸುತ್ತಾರೆ. ಏಟು ತಿಂದ ಮೂಲಧಾತುಗಳು ತಮ್ಮತಮ್ಮ ಅಲೆಯುದ್ದಗಳ ಕ್ಷ-ಕಿರಣ ಸೂಸುತ್ತವೆ. ರೇಡಿಯೋದ ತಿರುಗಣೆ ತಿರುಗಿಸಿ ನಾವು ನಿಲಯ ಹಿಡಿಯುವುದಿಲ್ಲವೆ? ಹಾಗೆಯೇ ಯಂತ್ರದೊಳಗಿನ ಸ್ಫಟಿಕವನ್ನು ತಿರುಗಿಸಿ ಒಮ್ಮೆ ಕಬ್ಬಿಣ, ಒಮ್ಮೆ ಅಲ್ಯುಮಿನಿಯಂ, ಒಮ್ಮೆ ಸಿಲಿಕಾನ್ ಹಿಡಿಯುತ್ತಾರೆ. ಅಲ್ಯುಮಿನಿಯಮ್ಮಿನ ಜೊತೆಗೆ ಸಿಲಿಕಾನೂ ಕೇಳಿಬಂದರೆ ಜೇಡಿಯ ಸುಳಿವು. ಅಲ್ಯುಮಿನಿಯಮ್ಮೊಂದೇ ಬಂದರೆ ಗಿಬ್ಸೈಟ್ ಇರಬಹುದು.

ಜಂಬಿಟ್ಟಿಗೆಯನ್ನು ಸಿದ್ಧಪಡಿಸುವುದೇ ಒಂದು ಪೇಚಾಟ. ಮೈಯೆಲ್ಲ ತೂತು. ಅಂಟುರಾಳ ತುಂಬಿ, ಗಟ್ಟಿಯಾದ ಮೇಲೆ ಕನ್ನಡಿಯಂತೆ ನಯಗೊಳಿಸಬೇಕು. ಕಲ್ಲಿನಲ್ಲಿ ವಿದ್ಯುತ್ತು ಹರಿಯದು. ಬಂದ ಎಲೆಕ್ಟ್ರಾನುಗಳು ಅಲ್ಲೇ ಗುಂಪುಗೂಡಿ ಹಿಂದೆ ಬರುವವನ್ನು ತಳ್ಳಿಬಿಡುತ್ತವೆ. ಅದಕ್ಕೆಂದು ಮೇಲೆ ಇಂಗಾಲದ ಪೊರೆ ಹಾಸುತ್ತಾರೆ. ದಪ್ಪ, ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲು. ಇಂಗಾಲ ಹಗುರವಾದ್ದರಿಂದ ಕಿರಣಗಳಿಗೆ ಹೆಚ್ಚು ಅಡ್ಡಿಯಿಲ್ಲ.

ಒಂದು ‘ನಿಲಯ’ ಮಾತ್ರ ಈ ಯಂತ್ರಕ್ಕೆ ಸಿಕ್ಕುವುದೇ ಇಲ್ಲ: ಜಲಜನಕ. ಗಿಬ್ಸೈಟ್‌ನ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಲೆಕ್ಕ ನೂರಕ್ಕೆ ಮುಟ್ಟದು. ಕೊರತೆ ಬಿದ್ದದ್ದು ನೀರೆಂದು ಊಹಿಸೋಣವೆಂದರೆ, ಎಲೆಕ್ಟ್ರಾನುಗಳ ಕಾವಿಗೆ ಆ ನೀರೂ ಹಾರಿಹೋಗುತ್ತದೆ. ಆದ್ದರಿಂದ ಧಾರೆಯನ್ನು ತುಸು ಅಗಲಿಸಿ, ಬೇಗಬೇಗ ಅಳೆದು, ಅದೇ ಕಲ್ಲಿನ ಪುಡಿಯನ್ನು ಕ್ಷ-ಕಿರಣದ ಬೇರೊಂದು ಪರೀಕ್ಷೆಗೂ ಒಡ್ಡಿ ತಾಳೆ ನೋಡುತ್ತಾರೆ.