ರೊಕ್ಕ ಕೊಡೋ ಮೊದಲು ಟಿವಿ ಹಿಂದೆ ನೋಡಿ

ಎನ್‌ಪಿಟಿಇಎಲ್ ಪಾಠಗಳನ್ನ ರೂಮಿನವರೆಲ್ಲ ಒಟ್ಟಿಗೆ ಟಿವಿಯಲ್ಲಿ ನೋಡೋಣ ಅಂತ ಕಡಗಂಚಿಯಿಂದ ಕಲಬುರಗಿಗೆ ಬಸ್ ಹತ್ತಿ ಹೋಗಿ ಕೇಬಲ್ ತಂದೆವು. ಒಂದು ತುದಿ ಹಳೇ ಲ್ಯಾಪ್‌ಟಾಪಿನ ವಿಜಿಎಗೆ, ಇನ್ನೊಂದು ಟಿವಿಯ ಎಚ್‌ಡಿಎಂಐಗೆ. ಪರದೆ ಕಪ್ಪಗೇ ಉಳೀತು. ರೊಕ್ಕವೂ ಹೋಯ್ತು, ಭಾನುವಾರವೂ ಹೋಯ್ತು.

ಕಾರಣ ಸರಳ. ವಿಜಿಎ ಅನಲಾಗ್, ಎಚ್‌ಡಿಎಂಐ ಡಿಜಿಟಲ್. ನಡುವೆ ಬರೀ ವೈರ್ ಸಾಲದು, ಚಿಪ್ ಇರೋ ಕನ್ವರ್ಟರ್ ಬೇಕು. ವಿಜಿಎಯಲ್ಲಿ ಧ್ವನಿಯೂ ಬರಲ್ಲ. ಅದಕ್ಕೆ ಬೇರೆ ಆಡಿಯೋ ವೈರ್ ಬೇಕು.

ಹಾಗಾಗಿ ಮೊದಲು ಎರಡೂ ಕಡೆಯ ಪೋರ್ಟ್ ನೋಡಿ:

ಎರಡರಲ್ಲೂ ಎಚ್‌ಡಿಎಂಐ ಇದ್ದರೆ ಸಾದಾ ಕೇಬಲ್ ಸಾಕು. ಎರಡು ಮೀಟರ್ ದೂರಕ್ಕೆ, 1080ಪಿ ವಿಡಿಯೋಗೆ, ಚಿನ್ನದ ಲೇಪನದ ದುಬಾರಿ ಕೇಬಲ್ ಹಾಕಿದರೂ ಚಿತ್ರ ಅದೇ.

ಲ್ಯಾಪ್‌ಟಾಪಲ್ಲಿ ಟೈಪ್-ಸಿ ಮಾತ್ರ ಇದ್ದರೆ, ಅದರಿಂದ ವಿಡಿಯೋ ಹೊರಬರುತ್ತದೆಯೇ ಅಂತ ಖಾತ್ರಿ ಮಾಡ್ಕೊಳ್ಳಿ. ಎಲ್ಲ ಟೈಪ್-ಸಿಯಲ್ಲೂ ಬರಲ್ಲ.

ಹಳೇ ಟಿವಿಯಲ್ಲಿ ಹಳದಿ-ಬಿಳಿ-ಕೆಂಪು ಎವಿ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ಎವಿಗೆ ಬದಲಿಸೋ ಕನ್ವರ್ಟರ್ ಸಿಗುತ್ತೆ. ಸಿನಿಮಾಕ್ಕೆ ನಡೀತದೆ, ಸ್ಲೈಡಿನ ಸಣ್ಣ ಅಕ್ಷರ ಓದೋಕಾಗಲ್ಲ.

ಟಿವಿಗೇ ಯುಎಸ್‌ಬಿ ಇದ್ದರೆ ಮೊದಲು ಪೆನ್‌ಡ್ರೈವ್ ಹಾಕಿ ನೋಡಿ. ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ. ಆದರೆ ಪಾಠದ ವಿಡಿಯೋ ಅಷ್ಟು ದೊಡ್ಡದಿರೋದು ಅಪರೂಪ.

ಅಂಗಡಿಗೆ ಹೋಗೋ ಮೊದಲು ಎರಡೂ ಪೋರ್ಟಿನ ಫೋಟೋ ತಗೊಳ್ಳಿ. ಅದಕ್ಕೆ ರೊಕ್ಕ ಬೇಕಿಲ್ಲ.